ಪಾಡ್‌ಕಾಸ್ಟ್‌ ಪಠ್ಯ: ‘ಅಪ್ಪನ ಕಾಲು’ ಅನ್ನೋ ಫೋಲ್ಡರ್

ಬಸ್ಸಿನಾಗ ಕಿಟಕಿ ಪಕ್ಕ ಕೂತು, ಹಾಸ್ಟೆಲ್ ರೂಮಿನಾಗ ಮಲಕೊಂಡು, ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ತಮ್ಮಂದಿರಿಗೆ, ತಂಗಿಯರಿಗೆ ನಮಸ್ಕಾರ. ನಾನು ಡಾಕ್ಟರ್ ಅಲ್ಲ, ಇದನ್ನ ಮೊದಲೇ ಹೇಳಿಬಿಡ್ತೀನಿ. ನಾನು ಗುಳಿಗಿ ಹೊತ್ತಾಂವ. ಕಲಬುರಗಿಯ ಒಂದು ಹೋಲ್‌ಸೇಲ್ ಔಷಧ ಅಂಗಡಿಯಿಂದ ಬೈಕ್ ಮ್ಯಾಲ ಮಾಲು ಕಟ್ಟಿಕೊಂಡು ತಾಲ್ಲೂಕಿನ ಮೆಡಿಕಲ್ ಅಂಗಡಿಗಳಿಗೆ ಮುಟ್ಟಿಸೋದು ನನ್ನ ಕೆಲಸ. 2006ರಿಂದ 2020ರ ತನಕ, ಹದಿನಾಲ್ಕು ವರ್ಷ. ಸೋಮವಾರ ಆಳಂದ, ಬುಧವಾರ ಅಫಜಲಪುರ, ಶುಕ್ರವಾರ ಜೇವರ್ಗಿ. ನಮ್ಮ ಧಂದೇದಾಗ ಇದಕ್ಕ ‘ಲೈನ್’ ಅಂತಾರ.

ಆ ಚೀಲದಾಗ ಹೆಚ್ಚಿಗಿ ಇರ್ತಿದ್ದದ್ದು ಬಿಪಿ ಗುಳಿಗಿ, ಶುಗರ್ ಗುಳಿಗಿ. ಮೊದಲ ಮೊದಲ ಒಂದು ಅಂಗಡಿಗೆ ತಿಂಗಳಿಗೆ ಎರಡು ಡಬ್ಬಿ ಮೆಟ್‌ಫಾರ್ಮಿನ್ ಹೋದ್ರ ದೊಡ್ಡದು. ಬರಬರ್ತಾ ಸಣ್ಣ ಹಳ್ಳಿ ಅಂಗಡಿಯವರೂ ಡಬ್ಬಿಗಟ್ಟಲೆ ಆರ್ಡರ್ ಕೊಡೋಕೆ ಶುರು ಮಾಡಿದ್ರು. ಊರಾಗ ಸಕ್ಕರಿ ಜಡ್ಡು ಹ್ಯಾಂಗ ಹರಡ್ತು ಅನ್ನೋದನ್ನ ನಾನು ಯಾವ ವರದಿಯಿಂದಲೂ ತಿಳಕೊಂಡಿಲ್ಲ, ನನ್ನ ಬಿಲ್ ಬುಕ್ಕಿನಿಂದ ತಿಳಕೊಂಡೀನಿ. ವರದಿನೂ ಅದನ್ನೇ ಹೇಳ್ತದ. ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಬಂತಲ್ಲ, ಅದರ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಅದ.

ಆ 10.1 ಕೋಟಿಯಲ್ಲಿ ನಾನೂ ಒಬ್ಬ. 2007ರಲ್ಲಿ ವಿಮಾ ಪಾಲಿಸಿ ಮಾಡಿಸುವಾಗ ರಕ್ತ ತಪಾಸಣೆ ಮಾಡಿದ್ರು. ಖಾಲಿ ಹೊಟ್ಟೆಯಲ್ಲಿ 212. ನನಗಾಗ 33 ವರ್ಷ. ಡಾಕ್ಟರು ಗುಳಿಗಿ ಬರೆದು ಕೊಟ್ಟು, “ವರ್ಷಕ್ಕೊಮ್ಮೆ ಕಣ್ಣಿನ ಪರದೆ ತೋರಿಸ್ರಿ” ಅಂದ್ರು. ನಾನು ಮನಸಿನಾಗ ನಕ್ಕೆ. ನನ್ನ ಕಣ್ಣು ಅಂದ್ರ ಹೆಂಗಿತ್ತು ಗೊತ್ತೇನ್ರಿ? ಸ್ಟ್ರಿಪ್ ಅಂಚಿನಾಗ ಇರೋ ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಖು, ಕೈಯಾಗ ಹಿಡಕೊಂಡೇ ಓದ್ತಿದ್ದೆ. ಇಂಥ ಕಣ್ಣಿಗೆ ಏನಾಗ್ತದ ಅಂತ ಬಿಟ್ಟೆ. ಹನ್ನೆರಡು ವರ್ಷ ಬಿಟ್ಟೆ.

ಗುಳಿಗಿ ಚೀಲದಾಗೇ ಇತ್ತು, ನೆನಪಾದಾಗ ತಗೊಳ್ತಿದ್ದೆ. ಇನ್ನ ಚಹಾ. ಮೆಡಿಕಲ್ ಅಂಗಡಿಗೆ ಹೋದವನಿಗೆ ಚಹಾ ಕೊಡದೆ ಕಳಸೋದು ನಮ್ಮ ಕಡಿ ಇಲ್ಲ. ದಿನಕ್ಕ ಹನ್ನೆರಡು ಅಂಗಡಿ, ಹನ್ನೆರಡು ಸಣ್ಣ ಗ್ಲಾಸ್, ಎಲ್ಲಾ ಸಿಹಿ. “ಬ್ಯಾಡ” ಅಂದ್ರ ಅಂಗಡಿಯವರಿಗೆ ಬ್ಯಾಸರ, ಆರ್ಡರ್ ಕಡಿಮೆ. ಮನ್ಯಾಗ ಜೋಳದ ರೊಟ್ಟಿ. ‘ಜೋಳ ತಿಂದ್ರ ಶುಗರ್ ಏರಂಗಿಲ್ಲ’ ಅಂತ ಆರು ರೊಟ್ಟಿ ಹೊಡೀತಿದ್ದೆ. ಅನ್ನಕ್ಕಿಂತ ರೊಟ್ಟಿ ಚಲೋ, ಖರೆ. ಆದ್ರ ಆರು ರೊಟ್ಟಿ ಆರು ರೊಟ್ಟಿನೇ.

2019ರ ಚಳಿಗಾಲ. ಅಫಜಲಪುರ ಲೈನ್ ಮುಗಿಸಿ ಸಂಜಿ ಮುಂದ ಚವಡಾಪುರ ಕಡೆ ಬರಾಕತ್ತಿದ್ದೆ. ಕಬ್ಬಿನ ಸೀಸನ್, ರಸ್ತೆ ತುಂಬ ಟ್ರ್ಯಾಕ್ಟರು, ಹಿಂದ ಒಂದು ಕೆಂಪು ದೀಪ ಇರಂಗಿಲ್ಲ. ಎಡಗಣ್ಣಿನ ಮುಂದ ಕರಿ ದಾರದಂಥದ್ದು ತೇಲಾಡ್ತು. ಎಲ್ಲೋ ಕಬ್ಬಿನ ರವದಿ ಸುಟ್ಟ ಕರಿ ಹಾರಿ ಬಂದದ ಅಂತ ಹೆಲ್ಮೆಟ್ಟಿನ ಗ್ಲಾಸ್ ಒರೆಸಿದೆ. ಹೋಗಲಿಲ್ಲ. ಕಣ್ಣು ಒರೆಸಿದೆ. ಹೋಗಲಿಲ್ಲ. ಮರುದಿನ ಆ ದಾರ ಹೊಗೆ ಆಗಿತ್ತು.

ನಾನು ಹೋದದ್ದು ಎಲ್ಲಿಗೆ? ಚಾಳಿಸಿನ ಅಂಗಡಿಗೆ. ನಂಬರ್ ಬದಲಿ ಮಾಡಿ ಹೊಸ ಚಾಳೀಸು ಕೊಟ್ರು. ಹದಿನೈದು ದಿನಕ್ಕ ಆ ನಂಬರೂ ಹೊಂದಲಿಲ್ಲ. ಆಮ್ಯಾಲ ಗೊತ್ತಾಯ್ತು, ಶುಗರ್ ಏರಿಳಿತ ಆದಾಗ ಕಣ್ಣಿನ ಮಸೂರ ಉಬ್ಬಿ ನಂಬರೇ ಬದಲಾಗ್ತದ. ಪದೇಪದೇ ನಂಬರ್ ಬದಲಾಗಾಕತ್ತಿದ್ರ ಚಾಳೀಸು ಬದಲಿಸೋದು ಬಿಟ್ಟು ರಕ್ತ ತೋರಿಸ್ಬೇಕು. ನನಗ ಅಲ್ಲೇ ಒಂದೂವರೆ ತಿಂಗಳು ಹೋಯ್ತು.

ಕಡೀಗೆ ಕಲಬುರಗಿಯಲ್ಲಿ ಕಣ್ಣಿನ ಪರದೆ ನೋಡೋ ಡಾಕ್ಟರ ಹತ್ರ ಹೋದೆ. ಹನಿ ಹಾಕಿ, ಒಂದು ತಾಸು ಕೂಡಿಸಿ, ಬೆಳಕು ಬಿಟ್ಟು ನೋಡಿದ್ರು. “ಎಷ್ಟು ವರ್ಷದಿಂದ ಶುಗರ್?” “ಹನ್ನೆರಡು.” “ಮೊದಲು ಯಾವಾಗ ಪರದೆ ತೋರಿಸಿದ್ರಿ?” ನಾನು ಸುಮ್ಮನಿದ್ದೆ. ಅವರೂ ಸುಮ್ಮನಾದ್ರು. ಬೈದಿದ್ರ ಚಲೋ ಇತ್ತು. ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ಅವತ್ತು 10.8 ಇತ್ತು.

ಒಳಗ ಏನಾಗಿರ್ತದ ಅಂತ ಅವರು ತಿಳಿಸಿದ ಹಾಗೆ ನಿಮಗೆ ಹೇಳ್ತೀನಿ. ಕಣ್ಣಿನ ಹಿಂದಿರೋ ರೆಟಿನಾ, ಅಂದ್ರ ಅಕ್ಷಿಪಟಲ, ಅದಕ್ಕೆ ಕೂದಲಿಗಿಂತ ಸಣ್ಣ ರಕ್ತನಾಳಗಳು. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಅವುಗಳ ಗೋಡೆ ಸಡಿಲಾಗ್ತದೆ. ಕೆಲವು ಸೋರುತ್ತವೆ, ಕೆಲವು ಮುಚ್ಚಿಹೋಗ್ತವೆ. ರಕ್ತ ಸಿಗದ ಜಾಗ ಹೊಸ ನಾಳ ಬೆಳೆಸೋಕೆ ಸಂದೇಶ ಕಳಿಸ್ತದೆ. ಹೊಸ ನಾಳ ಬರ್ತವೆ, ಆದ್ರೆ ಕಚ್ಚಾ ಕೆಲಸ, ಕೆಮ್ಮಿದ್ರೂ ಒಡೆಯುವಂಥವು. ಒಡೆದಾಗ ಕಣ್ಣೊಳಗೇ ರಕ್ತ ಚೆಲ್ಲಿ ನನಗೆ ಕಂಡ ದಾರ, ಹೊಗೆ. ಇದೆಲ್ಲ ನಡೆಯುವಾಗ ನೋವಿಲ್ಲ, ಉರಿ ಇಲ್ಲ, ದೃಷ್ಟಿನೂ ಬಹಳ ದಿನ ಸರಿಯಾಗೇ ಇರ್ತದೆ. ಅದಕ್ಕೇ ಬ್ಯಾಚ್ ನಂಬರ್ ಓದೋ ಕಣ್ಣೊಳಗೂ ಇದು ನಡೀತಿತ್ತು. 2022ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 40 ದಾಟಿದ ಮಧುಮೇಹಿಗಳಲ್ಲಿ ನೂರಕ್ಕೆ 12.5 ಮಂದಿಗೆ ಈ ತೊಂದರೆ ಅದ. ಎಂಟರಲ್ಲಿ ಒಬ್ಬರು.

ಮೊದಲು ಲೇಸರ್. ಗದ್ದ ಇಟ್ಟು ಕೂಡಿಸ್ತಾರ, ಹಸಿರು ಮಿಂಚು ಪಟಪಟ ಅಂತ ನೂರಾರು ಸಲ. ಆಮ್ಯಾಲ ಕಣ್ಣಿನ ಒಳಗ ಸೂಜಿ. ಹೌದ್ರಿ, ಕಣ್ಣಿಗೇ. ಕೇಳಿದಾಗ ನನ್ನ ಕಾಲು ನಡುಗಿದ್ವು. ಮರಗಟ್ಟಿಸೋ ಹನಿ ಹಾಕಿರ್ತಾರ, ಒತ್ತಿದಂಗ ಅನಸ್ತದ, ಎಣಿಸಿ ಹತ್ತು ಅನ್ನೋದ್ರಾಗ ಮುಗೀತದ. ಆ ಔಷಧಗಳಲ್ಲಿ ಒಂದು, ಬೆವಾಸಿಝುಮ್ಯಾಬ್, ಮೊದಲು ದೊಡ್ಡ ಕರುಳಿನ ಕ್ಯಾನ್ಸರಿಗೆ ಅಂತ 2004ರಲ್ಲಿ ಅಮೆರಿಕದಲ್ಲಿ ಮಂಜೂರಾದದ್ದು. ಕಣ್ಣಿಗೂ ಕೆಲಸ ಮಾಡ್ತದ ಅಂತ ಡಾಕ್ಟರುಗಳು ಕಂಡುಕೊಂಡ್ರು, ಬೇರೆಯವಕ್ಕಿಂತ ಬೆಲೆ ಬಹಳ ಕಡಿಮೆ. ಧಂದೇದವ ನೋಡ್ರಿ, ಕಣ್ಣು ಹೋಗುವಾಗಲೂ ನನ್ನ ತಲಿ ರೇಟಿನ ಕಡೇನೇ ಓಡ್ತಿತ್ತು.

2020ರ ಜನವರಿಗೊಂದು, ಫೆಬ್ರುವರಿಗೊಂದು ಸೂಜಿ ಆದ್ವು. ಹೊಗೆ ತಿಳಿಯಾಯ್ತು. ಮೂರನೇದು ಮಾರ್ಚ್ ಮೂರನೇ ವಾರ. ಮಾರ್ಚಿನಾಗ ಕಲಬುರಗಿಯಲ್ಲಿ ಏನಾಯ್ತು ಅಂತ ನಿಮಗೆ ನೆನಪಿರಬೇಕು. ದೇಶದ ಮೊದಲ ಕೊರೊನಾ ಸಾವು ನಮ್ಮ ಊರಿಂದೇ. ಉಳಿದ ದೇಶ ಬಾಗಿಲು ಹಾಕೋಕೂ ಮುಂಚೆ ನಮ್ಮ ಊರು ಭಯದಿಂದ ಬಾಗಿಲು ಹಾಕಿತ್ತು. ನಾನು ಆಗ ಊರಿಗೆ, ಆಳಂದ ತಾಲ್ಲೂಕಿನ ನಮ್ಮ ಹಳ್ಳಿಗೆ ಹೋಗಿಬಿಟ್ಟಿದ್ದೆ. ಬಸ್ ಇಲ್ಲ. ಸೊಲ್ಲಾಪುರಕ್ಕೆ ಹೋಗೋಣ ಅಂದ್ರ ರಾಜ್ಯದ ಗಡಿ ಬಂದ್. ಆಳಂದ, ಅಫಜಲಪುರದ ಮಂದಿಗೆ ಸೊಲ್ಲಾಪುರ ಅಂದ್ರ ಎರಡನೇ ಜಿಲ್ಲಾ ಕೇಂದ್ರ ಇದ್ದಂಗ, ಅಕ್ಕಲಕೋಟ ದಾಟಿದ್ರ ದವಾಖಾನಿ. ಆ ದಾರಿನೂ ಮುಚ್ಚಿತ್ತು. ‘ತಿಳಿಯಾಗ್ಯದಲ್ಲ, ಒಂದು ಸೂಜಿ ತಪ್ಪಿದ್ರ ಏನಾಗ್ತದ’ ಅಂತ ನಾನೂ ಗಟ್ಟಿ ಪ್ರಯತ್ನ ಮಾಡಲಿಲ್ಲ. ಇದನ್ನ ಕೊರೊನಾದ ಮ್ಯಾಲ ಪೂರಾ ಹಾಕಾಕ ನನಗ ಮನಸಿಲ್ಲ. ಜುಲೈನಾಗ ಎಡಗಣ್ಣು ಮತ್ತ ತುಂಬ್ತು. ಪರದೆ ಜಗ್ಗಿ ಎದ್ದಿತ್ತು. ಆಪರೇಷನ್ ಆಯ್ತು. ಈಗ ಆ ಕಣ್ಣಿಗೆ ಮುಂದ ಕೈ ಆಡಿಸಿದ್ರ ಗೊತ್ತಾಗ್ತದ, ಅಷ್ಟೇ.

ಇಷ್ಟಾದ ಮ್ಯಾಲೂ ನಾನು ಬೈಕ್ ಬಿಡಲಿಲ್ಲ. ಇದನ್ನ ಹೇಳೋಕೇ ನಾನು ಇವತ್ತು ಬಂದದ್ದು ಅಂದ್ರೂ ನಡೀತದ. ಮಾಲೀಕರಿಗೆ ಹೇಳಲಿಲ್ಲ, ಹೇಳಿದ್ರ ಲೈನ್ ಹೋಗ್ತದ. ಮನ್ಯಾಗ ‘ಬಲಗಣ್ಣು ಪೂರಾ ಚಲೋ ಅದ’ ಅಂದಿದ್ದೆ. ಲೇಸರ್ ಆದ ಮ್ಯಾಲ ಅಂಚಿನ ನೋಟ, ಕತ್ತಲಿನ ನೋಟ ಸ್ವಲ್ಪ ಕಡಿಮೆ ಆಗ್ತದ. ನಡುವಿನ ದೃಷ್ಟಿ ಉಳಿಸೋಕೆ ಸುತ್ತಲಿಂದ ಸ್ವಲ್ಪ ಕೊಟ್ಟಂಗ. ಡಾಕ್ಟರು ಇದನ್ನೂ ಹೇಳಿದ್ರು. ನಾನು ಕೇಳಿಸಿಕೊಂಡಿದ್ದೆ, ಒಪ್ಪಿಕೊಂಡಿರಲಿಲ್ಲ.

ಆ ವರ್ಷದ ನವೆಂಬರ್, ಶುಕ್ರವಾರ. ಜೇವರ್ಗಿ ಲೈನ್ ಮುಗಿಸಿ ಕಟ್ಟಿಸಂಗಾವಿ ಹತ್ರ ಭೀಮಾ ಸೇತುವೆ ದಾಟಿದೆ. ಮುಂಗತ್ತಲು. ಎಡಗಡೆ ಒಬ್ಬ ಮುದುಕ ಸೈಕಲ್ ಮ್ಯಾಲ, ಹಿಂದ ಮೇವಿನ ಹೊರಿ. ನನಗ ಅವ ಕಾಣಲೇ ಇಲ್ಲ. ಮೇವಿನ ಹೊರಿಗೆ ಹ್ಯಾಂಡಲ್ ತಾಗಿದ ಸಪ್ಪಳ ಬಂದ ಮ್ಯಾಲೇ ಅಲ್ಲಿ ಮನುಷ್ಯ ಇದ್ದಾನ ಅಂತ ಗೊತ್ತಾದದ್ದು. ಅವ ರಸ್ತೆ ಪಕ್ಕದ ಗಿಡಗಂಟಿಯಾಗ ಬಿದ್ದ. ಮೊಣಕೈ ತೆರೆದಿತ್ತು. ಎದ್ದು ಕೂತು ನನ್ನ ನೋಡಿ ಒದರಿದ: “ಯಾಕಲೇ, ಕಣ್ಣ್ ಕಾಣಂಗಿಲ್ಲೇನು?”

ರಸ್ತೆ ಮ್ಯಾಲ ದಿನಾ ಹತ್ತು ಸಲ ಕೇಳೋ ಬೈಗುಳ ಇದು. ನಾನೂ ಎಷ್ಟೋ ಮಂದಿಗೆ ಅಂದೀನಿ. ಅವತ್ತು ನನ್ನ ಬಾಯಿಂದ ಬಂದ ಉತ್ತರ, “ಹೌದು ಕಾಕಾ, ಕಾಣಂಗಿಲ್ಲ.” ಅವ ತಬ್ಬಿಬ್ಬಾದ. ನನ್ನ ಚೀಲದಾಗಿನ ಹತ್ತಿ, ಪಟ್ಟಿ ತಗದು ಕಟ್ಟಿದೆ, ಅದೂ ಕೈಗೆ ಸರಿಯಾಗಿ ಹತ್ತಲಿಲ್ಲ. ಅವನೇ ತನ್ನ ಕೈಗೆ ತಾನೇ ಪಟ್ಟಿ ಸುತ್ತಿಕೊಂಡು, “ಕಾಣಂಗಿಲ್ಲ ಅಂದ್ರ ಗಾಡಿ ಯಾಕ ಹೊಡೀತೀ ಮಗನೇ? ಮನ್ಯಾಗ ಯಾರಿಲ್ಲೇನು?” ಅಂದ. ಬೈಕ್ ಅಲ್ಲೇ ಒಂದು ಧಾಬಾದಾಗ ನಿಲ್ಲಿಸಿ ಬಸ್ ಹಿಡದು ಬಂದೆ. ರಾತ್ರಿ ಕೀಲಿ ಹೆಂಡತಿ ಕೈಯಾಗ ಇಟ್ಟೆ. ಅಕಿ ಏನೂ ಕೇಳಲಿಲ್ಲ, ಕೀಲಿ ಒಯ್ದು ಜೋಳದ ಡಬ್ಬಿಯಾಗ ಹಾಕಿದಳು. ಮರುದಿನ ಮಾಲೀಕರಿಗೆ ಹೇಳಿದೆ. ಕೆಲಸ ಹೋಗ್ತದ ಅಂತ ತಿಳಕೊಂಡಿದ್ದೆ. ಫೋನಿನಾಗ ಆರ್ಡರ್ ತಗೊಳ್ಳೋ ಕೆಲಸ ಕೊಟ್ರು, ಪಗಾರ ಸ್ವಲ್ಪ ಕಡಿಮೆ. ಮೂರು ತಾಲ್ಲೂಕಿನ ಅಂಗಡಿಗಳು ನನಗ ಬಾಯಿಪಾಠ. ಯಾವ ಅಂಗಡಿಯಾಗ ಯಾವ ಕಂಪನಿ ಓಡ್ತದ ಅಂತ ಕಣ್ಣು ಮುಚ್ಚಿ ಹೇಳ್ತೀನಿ. (ಮುಚ್ಚೋ ಪ್ರಸಂಗನೇ ಇಲ್ಲ ಬಿಡ್ರಿ.)

ಈಗ ಕಾಲಿನ ಕಥಿ.

ಕಣ್ಣಿಗಿಂತ ಮೊದಲೇ ಕಾಲು ಶುರುವಾಗಿತ್ತು, ನಾನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಮೊದಲು ಬೆರಳ ತುದಿಗೆ ಇರುವೆ ಹರಿದಂಗ. ಆಮ್ಯಾಲ ರಾತ್ರಿ ಉರಿ, ಚಾದರ ತಾಗಿದ್ರೂ ಸಹಿಸಾಕ ಆಗ್ತಿರಲಿಲ್ಲ. ಫರಸಿ ಕಲ್ಲಿನ ಮ್ಯಾಲ ಕಾಲಿಟ್ಟು ಮಲಗ್ತಿದ್ದೆ. ಬರಬರ್ತಾ ಉರಿ ಕಡಿಮೆ ಆಯ್ತು, ನನಗ ಖುಷಿ. ಖುಷಿ ಪಡೋ ಮಾತಲ್ಲ ಅದು, ನರ ಸತ್ತು ಮಾತು ನಿಲ್ಲಿಸ್ತಿತ್ತು. ಹತ್ತಿ ಮ್ಯಾಲ ನಡದಂಗ ಅನಸ್ತಿತ್ತು. ಒಮ್ಮೆ ಆಳಂದ ಬಸ್ ಸ್ಟ್ಯಾಂಡಿನಾಗ ಶಾಲೆ ಹುಡುಗರು ನಗಾಕತ್ತಿದ್ರು. ನೋಡಿದ್ರ ನನ್ನ ಒಂದು ಕಾಲಾಗ ಚಪ್ಪಲಿ ಇಲ್ಲ. ಎಲ್ಲಿ ಕಳಚಿತ್ತೋ ಗೊತ್ತೇ ಇಲ್ಲ. ನಾನೂ ಅವರ ಕೂಡ ನಕ್ಕೆ.

ಶರೀರದಾಗ ಉದ್ದನೆಯ ನರ ಕಾಲಿಗೆ ಹೋಗೋವು, ಅದಕ್ಕೇ ಅಲ್ಲಿ ಮೊದಲು. ಕಾಲುಚೀಲ ಹಾಕಿದಷ್ಟು ಜಾಗ ಮರಗಟ್ಟಿ, ಮ್ಯಾಲ ಏರ್ತಾ ಹೋಗಿ, ಆಮ್ಯಾಲ ಕೈ ಬೆರಳಿಗೆ ಬರ್ತದ. ಅದನ್ನ ಪತ್ತೆ ಮಾಡೋಕೆ ದೊಡ್ಡ ಯಂತ್ರ ಬೇಕಾಗಿಲ್ಲ. 10 ಗ್ರಾಂ ಒತ್ತಡಕ್ಕೆ ಬಾಗೋ ಒಂದು ನೈಲಾನ್ ಎಳೆ, ಮೀನಿನ ಗಾಳದ ದಾರ ಇದ್ದಂಗ, ಅಂಗಾಲಿಗೆ ಚುಚ್ಚಿ “ಗೊತ್ತಾಗ್ತದೇನು?” ಅಂತ ಕೇಳ್ತಾರ. ನನಗ ಎಡಗಾಲಾಗ ಒಂದೂ ಗೊತ್ತಾಗಲಿಲ್ಲ. ಇನ್ನೊಂದು ಮಾತು, ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡವರಿಗೆ ಬಿ12 ಕಡಿಮೆ ಆಗಬಹುದು, ಅದರಿಂದಲೂ ಹಿಂಗೇ ಜುಮುಜುಮು. ನನಗ ಅದೂ ಕಡಿಮೆ ಇತ್ತು, ಇಂಜೆಕ್ಷನ್ ಕೊಟ್ಟ ಮ್ಯಾಲ ಕೈ ಸ್ವಲ್ಪ ಸುಧಾರಿಸ್ತು. ಹದಿನಾಲ್ಕು ವರ್ಷ ಆ ಗುಳಿಗಿ ಮಾರಿದವನಿಗೆ ಈ ಮಾತು ಗೊತ್ತಿರಲಿಲ್ಲ.

ಆದ್ರ ಆ ಪರೀಕ್ಷೆ ಆದದ್ದು ಗಾಯ ಆದ ಮ್ಯಾಲ. 2022ರ ಮೇ. ದೇವಲ ಗಾಣಗಾಪುರಕ್ಕೆ ಹೋಗಿದ್ವಿ. ಮಟಮಟ ಮಧ್ಯಾಹ್ನ, ನಮ್ಮ ಕಡೆ ಮೇ ಬಿಸಿಲು ಅಂದ್ರ ನಿಮಗ ಹೇಳೋದು ಬೇಕಿಲ್ಲ. ಎಲ್ಲಾರೂ ಕಲ್ಲಿನ ಮ್ಯಾಲ ಕುಣಿಕುಣಿದು ಓಡ್ತಿದ್ರು, ನಾನು ಮಾತ್ರ ಸಾವಕಾಶ ಪ್ರದಕ್ಷಿಣಿ ಹಾಕಿದೆ. ನಮ್ಮ ಅವ್ವ, “ನನ್ನ ಮಗನ ಭಕ್ತಿ ನೋಡ್ರಿ” ಅಂದಳು. ಪಾದುಕೆ ದರ್ಶನ ಮಾಡ್ಕೊಂಡು ಬಂದ್ವಿ. ಮರುದಿನ ಮುಂಜಾನೆ ಮಗಳು ಒದರಿದಳು, “ಅಪ್ಪಾ, ಫರಸಿ ಮ್ಯಾಲ ರಕ್ತ!” ಅಡಿಗಿಮನಿಯಿಂದ ಬಾಗಿಲ ತನಕ ಹೆಜ್ಜಿ ಗುರುತು. ಎಡ ಅಂಗಾಲಾಗ ರೂಪಾಯಿ ನಾಣ್ಯದಷ್ಟು ಗುಳ್ಳಿ ಒಡೆದಿತ್ತು. ನನಗ ಒಂಚೂರೂ ನೋವಿರಲಿಲ್ಲ.

ಅರಿಷಿಣ ಹಚ್ಚಿದ್ವಿ. ‘ಬಿಸಿನೀರಾಗ ಉಪ್ಪು ಹಾಕಿ ಕಾಲಿಡು’ ಅಂದ್ರು ಓಣಿಯವರು, ಅದೊಂದು ಮಾಡಲಿಲ್ಲ, ಪುಣ್ಯ. ಮರಗಟ್ಟಿದ ಕಾಲಿಗೆ ಬಿಸಿನೀರಿನ ಬಿಸಿ ಗೊತ್ತಾಗಂಗಿಲ್ಲ, ಬೆಂದೇ ಹೋಗ್ತದ. ಹತ್ತು ದಿನಕ್ಕ ವಾಸನಿ ಬಂತು. ದವಾಖಾನ್ಯಾಗ ಹದಿನೆಂಟು ದಿನ. ಎರಡನೇ ಬೆರಳು ಹೋಯ್ತು, ಕಾಲು ಉಳೀತು. ಗಾಯ ಪೂರಾ ಒಣಗಾಕ ನಾಲ್ಕು ತಿಂಗಳು. ಆ ವರ್ಷ ತೊಗರಿ ಬಿತ್ತಿಗಿಗೆ ಇಟ್ಟ ರೊಕ್ಕ ಅದಕ್ಕೇ ಹೋಯ್ತು.

ಯುಗಾದಿ ಮುಂದ ನಮ್ಮ ಕಡಿಯಿಂದ ಶ್ರೀಶೈಲಕ್ಕೆ ಪಾದಯಾತ್ರಿ ಹೋಗ್ತಾರ, ಆಷಾಢಕ್ಕ ಪಂಢರಪುರಕ್ಕ. ಬರಿಗಾಲಾಗ ಹೋಗೋರೂ ಇದ್ದಾರ. ಹೋಗಬ್ಯಾಡ್ರಿ ಅನ್ನಾಕ ನಾನ್ಯಾರು? ನಮ್ಮ ಮಾವನೂ ಹೋಗ್ತಾನ, ಅವನಿಗೂ ಶುಗರ್ ಅದ. ಹೋದ ಸಲ ಅವನಿಗೆ ಬೂಟು ಕೊಡಿಸಿದೆ. “ಮಲ್ಲಯ್ಯ ಏನಂತಾನ?” ಅಂದ. “ಮಲ್ಲಯ್ಯ ಕಾಲು ಕೊಟ್ಟಾನ, ಅದನ್ನ ವಾಪಸ್ ಕೊಟ್ಟು ಬಾ ಅಂತ ಹೇಳಿಲ್ಲ” ಅಂದೆ. ಬೈದ, ಆದ್ರ ಹಾಕ್ಕೊಂಡು ಹೋದ.

ಗಂಡಸರು ಬಾಯಿ ಬಿಡದ ಒಂದು ವಿಷಯನೂ ಹೇಳ್ತೀನಿ. ನರ ಅಂದ್ರ ಕಾಲಿನದು ಮಾತ್ರ ಅಲ್ಲ. ಎದ್ದು ನಿಂತಾಗ ತಲಿ ತಿರುಗೋದು, ಉಂಡದ್ದು ಹೊಟ್ಟಿಯಾಗೇ ನಿಂತಂಗ ಆಗೋದು, ಗಂಡ ಹೆಂಡತಿ ನಡುವಿನ ಸಂಬಂಧದಾಗ ತೊಂದರಿ, ಇವೂ ಅದರಿಂದಲೇ ಬರಬಹುದು. ಗ್ವಾಡಿ ಮ್ಯಾಲಿನ ಜಾಹೀರಾತು ನೋಡಿ ‘ಗುಪ್ತ’ ಔಷಧ ತಗೊಂಡು ರೊಕ್ಕ ಹಾಳು ಮಾಡಿದವರನ್ನ ನನ್ನ ಲೈನ್ ಮ್ಯಾಲ ಬಹಳ ನೋಡೀನಿ. ಶುಗರ್ ನೋಡೋ ಡಾಕ್ಟರಿಗೇ ಹೇಳ್ರಿ, ಅವರಿಗೆ ಇದು ಹೊಸದಲ್ಲ.

ಹೇಳೋದು ಸುಲಭ, ಗೊತ್ತದ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಆಳಂದ, ಅಫಜಲಪುರ, ಜೇವರ್ಗಿ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಹಾಕಿತ್ತು. ಕಣ್ಣಿಗೆ ಹನಿ ಹಾಕಿದ ಮ್ಯಾಲ ಐದಾರು ತಾಸು ಎಲ್ಲಾ ಮಂಜು, ಬಿಸಿಲು ಚುಚ್ಚತದ, ಒಬ್ಬರೇ ಊರಿಗೆ ಬರಾಕ ಆಗಂಗಿಲ್ಲ. ಜೋಡಿ ಒಬ್ಬರು ಬೇಕು. ಅಂದ್ರ ಎರಡು ಕೂಲಿ ಹೋಯ್ತು. ತೊಗರಿ ರಾಶಿ ಟೈಮಿನಾಗ ಯಾರು ಬರ್ತಾರ? ‘ಎಳ್ಳ ಅಮಾಸಿ ಆಗಲಿ’, ‘ರಾಶಿ ಮುಗೀಲಿ’ ಅಂತ ಅಂದೂ ಅಂದೂ ಪರದೆ ಹರೀತದ. 2023ರ ಜೂನ್‌ನಾಗ ಶಕ್ತಿ ಯೋಜನೆ ಬಂದ ಮ್ಯಾಲ ನನ್ನ ಹೆಂಡತಿಗೆ ಬಸ್ ಫ್ರೀ ಆಯ್ತು, ನನ್ನ ಕೂಡ ಬರೋದು ಹಗುರಾಯ್ತು. ಕಂಡಕ್ಟರ್ ಬಂದ್ರ ಅಕಿ ಆಧಾರ್ ತೋರಿಸಿ, “ಪೇಶಂಟ್‌ಗೆ ಟಿಕೆಟ್ ಕೊಡ್ರಿ” ಅಂತ ನಗ್ತಾಳ. ಬಲಗಣ್ಣು ಇಷ್ಟು ವರ್ಷ ಉಳಿದದ್ದು ಅಕಿಯ ಜೀರೋ ಟಿಕೆಟಿನ ಮ್ಯಾಲೇ.

1993ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಮುಗೀತು, ಡಿಸಿಸಿಟಿ ಅಂತ, ಟೈಪ್ 1 ಇದ್ದವರ ಮ್ಯಾಲ. ಸಕ್ಕರೆ ಬಿಗಿಯಾಗಿ ಹಿಡಿದವರಲ್ಲಿ ಹೊಸದಾಗಿ ಕಣ್ಣಿನ ತೊಂದರೆ ಬರೋ ಸಂಭವ 76 ಪ್ರತಿಶತ ಕಡಿಮೆ ಆಗಿತ್ತು. ನನಗ ರೋಗ ಗೊತ್ತಾಗೋ ಹದಿನಾಲ್ಕು ವರ್ಷ ಮುಂಚೆನೇ ಈ ಮಾತು ಜಗತ್ತಿಗೆ ಗೊತ್ತಿತ್ತು. ಆ ಲೆಕ್ಕ ಹಾಕಿದ ರಾತ್ರಿ ನನಗ ನಿದ್ದಿ ಬಂದಿರಲಿಲ್ಲ. ಈಗ ನನ್ನ ಎಚ್‌ಬಿಎ1ಸಿ 7.4. ಹೋದ ಬೆರಳು ಬರಂಗಿಲ್ಲ, ಆದ್ರ ಬಲಗಣ್ಣು ಎರಡು ವರ್ಷದಿಂದ ನಿಂತಲ್ಲೇ ನಿಂತದ.

ಬ್ರೈಲ್ ಕಲೀರಿ ಅಂತ ಒಬ್ಬರು ಹೇಳಿದ್ರು. ಕಲಿಯೋಕೆ ಕೂತೆ. ಬೆರಳಿಗೆ ಚುಕ್ಕಿ ಹತ್ತಬೇಕಲ್ಲ? ಕಣ್ಣು ಹೋದ್ರ ಬೆರಳು ಅಂತಾರ, ನಮ್ಮಂಥವರಿಗೆ ಎರಡೂ ಒಂದೇ ಕಳ್ಳ ಕದ್ದಾನ. ಕಡೀಗೆ ಕೈ ಹಿಡದದ್ದು ಈ ಫೋನು. ಟಾಕ್‌ಬ್ಯಾಕ್ ಹಚ್ಚಿದ್ರ ಕನ್ನಡದಾಗೇ ಓದಿ ಹೇಳ್ತದ. ಆ ದನಿಗೆ ‘ಅಫಜಲಪುರ’ ಅನ್ನಾಕ ಇನ್ನೂ ಸರಿಯಾಗಿ ಬರಂಗಿಲ್ಲ, ನಡೀತದ.

ಇದನ್ನ ಹಚ್ಚಿಕೊಟ್ಟದ್ದು ಮಗಳು. ಗಾಯ ಒಣಗಿದ ದಿನದಿಂದ ಅಕಿ ದಿನಾ ರಾತ್ರಿ ನನ್ನ ಎರಡೂ ಅಂಗಾಲಿನ ಫೋಟೋ ತೆಗೀತಿದ್ದಳು. ಬೆರಳ ಸಂದಿ, ಹಿಮ್ಮಡಿ, ಎಲ್ಲಾ. ನನಗ ಕಾಣಂಗಿಲ್ಲ, ನೋವೂ ಗೊತ್ತಾಗಂಗಿಲ್ಲ, ಅದಕ್ಕೇ ಫೋಟೋ. ಹಿಂದಿನ ದಿನದ ಫೋಟೋ ಪಕ್ಕ ಇಟ್ಟು ನೋಡ್ತಾಳ. ಹೋದ ವರ್ಷ ಹಿಮ್ಮಡಿಯಾಗ ಒಂದು ಕೆಂಪು ಗೆರಿ ಅಕಿಗೇ ಮೊದಲು ಕಂಡದ್ದು, ಎರಡು ದಿನದಾಗ ಡಾಕ್ಟರಿಗೆ ತೋರಿಸಿದ್ವಿ, ಪಟ್ಟಿ ಕಟ್ಟೋದ್ರಾಗ ಮುಗೀತು. ಫೋಲ್ಡರಿಗೆ ‘ಅಪ್ಪನ ಕಾಲು’ ಅಂತ ಹೆಸರು ಇಟ್ಟಾಳ. ಸಾವಿರದ ಮ್ಯಾಲ ಫೋಟೋ ಅದಾವ ಅದರಾಗ. ಒಮ್ಮೆ ಕಾಲೇಜಿನಾಗ ಗೆಳತಿಯರು ಗ್ಯಾಲರಿ ತಗದು, “ಇದೇನೇ, ಬರೇ ಕಾಲು!” ಅಂತ ನಕ್ಕರಂತ. ಅವತ್ತು ಒಬ್ಬ ಹುಡುಗಿ ಮಾತ್ರ ನಗಲಿಲ್ಲ. ಸಂಜಿಗೆ ಬಂದು, “ನಮ್ಮಪ್ಪಗೂ ಹತ್ತು ವರ್ಷದಿಂದ ಅದ, ನಾನು ಅವನ ಕಾಲು ಯಾವತ್ತೂ ನೋಡಿಲ್ಲ” ಅಂದಳಂತ.

ಈಗ ಮಗಳು ಡಿಗ್ರಿ ಓದಾಕ ಕಲಬುರಗಿ ಹಾಸ್ಟೆಲಿನಾಗ ಅದಾಳ. ನಾವು ಊರಾಗ. ಫೋಟೋ ನಾನೇ ತಗದು ವಾಟ್ಸ್‌ಆ್ಯಪ್‌ನಾಗ ಕಳಸ್ತೀನಿ. ಎಷ್ಟೋ ಸಲ ಕಾಲು ಬಿಟ್ಟು ಗ್ವಾಡಿ ಬಂದಿರ್ತದ, ಹೋದ ವಾರ ಬೆಕ್ಕು ಬಂದಿತ್ತು. “ಅಪ್ಪಾ, ಬೆಕ್ಕಿನ ಕಾಲು ಚಲೋ ಅದ, ನಿಂದು ಕಳಸು” ಅಂತ ವಾಯ್ಸ್ ಮೆಸೇಜ್ ಹಾಕಿದಳು. ಇವತ್ತು ಈ ರೆಕಾರ್ಡಿಂಗಿನ ಗದ್ದಲದಾಗ ಇನ್ನೂ ಕಳಸಿಲ್ಲ. ಒಂಬತ್ತೂವರೆ ಆಗ್ಯದ, ಎರಡು ಸಲ ಫೋನ್ ಬಂದದ, ಕಿಸೆದಾಗ ನಡುಗಾಕತ್ತದ. ಬಲ್ಬಿನ ಕೆಳಗ ಹೋಗಿ ಕೂಡ್ತೀನಿ. ಬರ್ತೀನ್ರಿ, ನಮಸ್ಕಾರ.